ಇಪ್ಪತ್ತೈದು ಡಾಲರಿನ ಸಾಹುಕಾರ

ಮೊನ್ನೆ ಭಾನುವಾರ ಹಳೇ ಮಿಂಚಂಚೆ ಡಬ್ಬ ಗುಡಿಸ್ತಾ ಕೂತಿದ್ದೆ. ಜಾಗ ತುಂಬಿದೆ, ಇನ್ನು ಮುಂದೆ ದುಡ್ಡು ಕೊಟ್ಟರೆ ಮಾತ್ರ ಅಂತ ಆರು ತಿಂಗಳಿಂದ ಎಚ್ಚರಿಕೆ ಬರ್ತಾನೇ ಇತ್ತು. ಯಾವ್ಯಾವುದೋ ಕಾಲದ ಫಾರ್ವರ್ಡುಗಳು, ರೈಲಿನ ಟಿಕೆಟ್ಟುಗಳು, ಯಾರದೋ ಮದುವೆಯ ಫೋಟೋಗಳು... ಅಳಿಸ್ತಾ ಅಳಿಸ್ತಾ 2008ರ ಒಂದು ಪತ್ರದ ಹತ್ತಿರ ಕೈ ನಿಂತಿತು. ನೀವು ಕೊಟ್ಟ ಸಾಲದ ಒಂದು ಕಂತು ವಾಪಸು ಬಂದಿದೆ ಅನ್ನೋ ಅರ್ಥದ ಎರಡು ಸಾಲು. ಮೊತ್ತ ಎರಡು ಡಾಲರು ಚಿಲ್ಲರೆ.

ಹೌದಲ್ಲ, ನಾನೂ ಒಂದು ಕಾಲದಲ್ಲಿ ಸಾಲ ಕೊಡುವ ಸಾಹುಕಾರನಾಗಿದ್ದೆ!

2007ರ ಮಾತು. ಕೆಲಸದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ನಾಲ್ಕು ಜನ ಹುಡುಗರು, ಒಂದು ಅಪಾರ್ಟ್‌ಮೆಂಟು, ಶನಿವಾರಕ್ಕೊಮ್ಮೆ ಬಿಸಿಬೇಳೆ ಭಾತು. ಆ ಸೆಪ್ಟೆಂಬರಿನಲ್ಲಿ ಓಪ್ರಾ ವಿನ್‌ಫ್ರೀ ತನ್ನ ಟೀವಿ ಕಾರ್ಯಕ್ರಮದಲ್ಲಿ ಕೀವಾ ಅನ್ನೋ ತಾಣದ ಬಗ್ಗೆ ಮಾತಾಡಿಸಿದ್ದಳು. ಬಿಲ್ ಕ್ಲಿಂಟನ್ ಕೂಡ ಆಗಷ್ಟೇ ಬಂದಿದ್ದ ತನ್ನ ಪುಸ್ತಕದಲ್ಲಿ ಅದನ್ನ ಹೊಗಳಿದ್ದ. (ಕೀವಾ ಅಂದ್ರೆ ಸ್ವಾಹಿಲಿ ಭಾಷೆಯಲ್ಲಿ ಒಗ್ಗಟ್ಟು, ಒಪ್ಪಂದ ಅಂತ. ನಮ್ಮ ರೂಮಿನ ಕನ್ನಡಿಗರಿಗೆ ಮೊದಲು ನೆನಪಾದದ್ದು ಗಾಯದ ಕೀವು. ಏನು ಮಾಡೋದು ಹೇಳಿ.) ಆಫೀಸಿನಲ್ಲಿ ಯಾರೋ ಕೊಂಡಿ ಕಳಿಸಿದರು, ರಾತ್ರಿ ಊಟ ಆದ ಮೇಲೆ ನಾಲ್ವರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತೆವು.

ತಾಣ ತೆರೆದರೆ ಸಾಲು ಸಾಲು ಮುಖಗಳು. ಪೆರುವಿನಲ್ಲಿ ಹಂದಿ ಸಾಕುವಾಕೆ, ಕಾಂಬೋಡಿಯಾದ ನೇಕಾರ್ತಿ, ಘಾನಾದಲ್ಲಿ ಮೀನು ಒಣಗಿಸಿ ಮಾರುವಾಕೆ. ಪ್ರತಿಯೊಬ್ಬರ ಫೋಟೋ ಕೆಳಗೆ ಒಂದು ಪುಟ್ಟ ಕಥೆ, ಎಷ್ಟು ಸಾಲ ಬೇಕು, ಎಷ್ಟು ಕೂಡಿದೆ ಅನ್ನೋ ಒಂದು ಪಟ್ಟಿ. 25 ಡಾಲರಿನಿಂದ ಶುರು. ಬಡ್ಡಿ ಇಲ್ಲ. ತಿಂಗಳು ತಿಂಗಳು ವಾಪಸು ಬರುತ್ತೆ, ಬಂದದ್ದನ್ನ ಬೇಕಾದ್ರೆ ಇನ್ನೊಬ್ಬರಿಗೆ ಕೊಡಬಹುದು. ಆ ದಿನಗಳಲ್ಲಿ ಎಷ್ಟು ಜನ ಮುಗಿಬಿದ್ದಿದ್ದರು ಅಂದ್ರೆ ಸಾಲ ಬೇಕಾದವರೇ ಖಾಲಿಯಾಗಿ, ಒಬ್ಬರಿಗೆ ಒಬ್ಬರು 25 ಡಾಲರಿಗಿಂತ ಹೆಚ್ಚು ಕೊಡೋ ಹಾಗಿಲ್ಲ ಅಂತ ತಾಣದವರೇ ಕಟ್ಟು ಹಾಕಿದ್ದರು.

ನಾವು ಆರಿಸಿದ ರೀತಿ ನೆನೆಸಿಕೊಂಡರೆ ಈಗ ನಾಚಿಕೆ ಆಗುತ್ತೆ. ಥೇಟ್ ಗಂಡಿನ ಕಡೆಯವರು ಹೆಣ್ಣಿನ ಫೋಟೋ ನೋಡಿದ ಹಾಗೆ. "ಇವಳು ಬೇಡ, ಸಿಡುಕಿ ಥರ ಕಾಣ್ತಾಳೆ." "ಇವನ್ಯಾಕೋ ದುಡ್ಡು ತಗೊಂಡು ಕುಡಿದು ಬಿಡ್ತಾನೆ ಅನ್ಸುತ್ತೆ." ಕೊನೆಗೆ ನಾನು ಆರಿಸಿದ್ದು ಉಗಾಂಡಾದ ಒಬ್ಬಾಕೆಯನ್ನ. ಸೆಕೆಂಡ್ ಹ್ಯಾಂಡ್ ಬಟ್ಟೆ ಮಾರುವ ಹೆಂಗಸು. ಬಟ್ಟೆ ರಾಶಿಯ ಮುಂದೆ ನಿಂತು ನಕ್ಕಿದ್ದಳು. ನನ್ನ ಚಿಕ್ಕಮ್ಮ ಫೋಟೋಗೆ ನಿಂತರೆ ಹಾಗೇ ನಗೋದು, ಅರ್ಧ ನಗು ಅರ್ಧ ಸಂಕೋಚ. ಅದೊಂದೇ ಕಾರಣ. ಇನ್ಯಾವ ಆರ್ಥಿಕ ವಿಶ್ಲೇಷಣೆಯೂ ಅದರ ಹಿಂದೆ ಇರಲಿಲ್ಲ.

ಚಿಕ್ಕಮ್ಮನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಈ ತಾಣ ಹುಟ್ಟಿದ ಕಥೆ ಹೇಳಿಬಿಡ್ತೀನಿ, ಅದು ನಿಜಕ್ಕೂ ಚೆನ್ನಾಗಿದೆ.

ಯೂನುಸ್ ಅವರ ಕಥೆ ನಿಮಗೆಲ್ಲ ಗೊತ್ತಿರುತ್ತೆ. ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದ ಮುಹಮ್ಮದ್ ಯೂನುಸ್ 1976ರಲ್ಲಿ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಸುತ್ತಾಡಿ, ಬಿದಿರಿನ ಮೋಡ ಹೆಣೆಯೋರು ಮತ್ತು ಅಂಥಾ 42 ಜನರ ಸಾಲದ ಪಟ್ಟಿ ಮಾಡಿದರು. ಒಟ್ಟು 856 ಟಾಕಾ. ಆಗಿನ ಲೆಕ್ಕಕ್ಕೆ 27 ಡಾಲರು. ಜೇಬಿನಿಂದಲೇ ಕೊಟ್ಟರು. 1983ಕ್ಕೆ ಅದು ಗ್ರಾಮೀಣ ಬ್ಯಾಂಕು, 2006ಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ. ಅದೇ ಯೂನುಸ್ 2003ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಒಂದು ಭಾಷಣ ಮಾಡಿದರು. ಅಲ್ಲಿನ ಬಿಸಿನೆಸ್ ಶಾಲೆಯಲ್ಲಿ ಸಿಬ್ಬಂದಿಯಾಗಿದ್ದ ಜೆಸಿಕಾ ಜ್ಯಾಕ್ಲೆ ಅದನ್ನ ಕೇಳಿದಳು. ಮರುವರ್ಷ ಕೆಲಸ ಬಿಟ್ಟು ಪೂರ್ವ ಆಫ್ರಿಕಾಕ್ಕೆ ಹೊರಟೇಬಿಟ್ಟಳು. ಸಣ್ಣ ವ್ಯಾಪಾರ ಶುರು ಮಾಡೋಕೆ ನೂರು ಡಾಲರಿನ ಸಹಾಯಧನ ಕೊಡುವ ಒಂದು ಸಂಸ್ಥೆಯ ಪರವಾಗಿ, ಆ ದುಡ್ಡಿನಿಂದ ಏನಾಯಿತು ಅಂತ ಹಳ್ಳಿ ಹಳ್ಳಿ ತಿರುಗಿ ಕೇಳುವ ಕೆಲಸ. ಗಂಡ ಮ್ಯಾಟ್ ಫ್ಲ್ಯಾನರಿ ಟೈವೊ ಅನ್ನೋ ಕಂಪನಿಯಲ್ಲಿ ಪ್ರೋಗ್ರಾಮರ್. ಅವನೂ ಅವಳನ್ನ ನೋಡೋಕೆ ಅಲ್ಲಿಗೆ ಹೋದ, ಕೈಯಲ್ಲೊಂದು ವಿಡಿಯೋ ಕ್ಯಾಮೆರಾ ಹಿಡಿದು.

ಅಲ್ಲಿ ಇಬ್ಬರಿಗೂ ಹೊಳೆದದ್ದು ಇಷ್ಟೇ. ಈ ಜನಕ್ಕೆ ಬೇಕಾಗಿರೋದು ಭಿಕ್ಷೆ ಅಲ್ಲ, ಬಂಡವಾಳ. ನಮ್ಮ ಸ್ನೇಹಿತರು ಈ ಮುಖಗಳನ್ನ ನೋಡಿದ್ರೆ ಸಾಲ ಕೊಡದೇ ಇರ್ತಾರಾ?

ವಾಪಸು ಬಂದು ವಕೀಲರನ್ನ ಕೇಳಿದರೆ ಅವರು ತಲೆ ಅಲ್ಲಾಡಿಸಿದರು. ಬಡ್ಡಿ ಬರುವ ಸಾಲವನ್ನ ಸಾರ್ವಜನಿಕರಿಂದ ಎತ್ತಿದರೆ ಅದು ಷೇರು-ಸಾಲಪತ್ರಗಳ ಕಾನೂನಿನ ಒಳಗೆ ಬರುತ್ತೆ, ಅದರ ತಂಟೆ ನಿಮಗೆ ಬೇಡ ಅಂತ. ಸರಿ, ಬಡ್ಡಿಯನ್ನೇ ತೆಗೆದರೆ? ಕೀವಾದ ಸಾಲಗಾರರಿಂದ ಕೊಟ್ಟವರಿಗೆ ಬಡ್ಡಿ ಬರೋದಿಲ್ಲ ಅನ್ನೋದರ ಹಿಂದೆ ದೊಡ್ಡ ಆದರ್ಶ ಇದೆ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಆದರ್ಶವೂ ಇತ್ತು, ಇಲ್ಲ ಅಂತಲ್ಲ. ಆದರೆ ಒಂದು ಕಾನೂನಿನ ಸಂದಿನಿಂದ ತೂರಿಕೊಂಡು ಹೋಗುವ ಉಪಾಯವೂ ಅದೇ ಆಗಿತ್ತು.

2005ರ ಮೊದಲ ಭಾಗದಲ್ಲಿ ಪರೀಕ್ಷೆ ಮಾಡಿ ನೋಡಿದರು. ಪೂರ್ವ ಉಗಾಂಡಾದ ಟೊರೊರೊ, ಕೀನ್ಯಾ ಗಡಿಯ ಹತ್ತಿರದ ಊರು. ಊರ ನೆತ್ತಿಯ ಮೇಲೆ ಒಂದು ದೊಡ್ಡ ಕಲ್ಲುಗುಡ್ಡ. (ಫೋಟೋ ನೋಡಿದಾಗೆಲ್ಲ ನನಗೆ ಮಧುಗಿರಿ ನೆನಪಾಗುತ್ತೆ.) ಅಲ್ಲಿನ ಪಾದ್ರಿಯೊಬ್ಬರು ಏಳು ಜನರನ್ನ ಹುಡುಕಿ ಫೋಟೋ, ವಿವರ ಕಳಿಸಿದರು. ಮೇಕೆ ಸಾಕುವವರು, ಮೀನು ಮಾರುವವರು, ಸಣ್ಣ ಹೋಟೆಲಿನವರು, ಹೀಗೆ. ಏಳೂ ಜನರಿಗೆ ಸೇರಿ ಬೇಕಾಗಿದ್ದದ್ದು 3,500 ಡಾಲರು. ಮ್ಯಾಟ್ ಮತ್ತು ಜೆಸಿಕಾ ತಮ್ಮ ಮದುವೆಗೆ ಕರೆದಿದ್ದ ಅತಿಥಿಗಳ ಪಟ್ಟಿ ತೆಗೆದು ಎಲ್ಲರಿಗೂ ಮಿಂಚಂಚೆ ಹಾಕಿದರು. ದುಡ್ಡು ಬೇಗನೇ ಕೂಡಿತು. ಕೆಲವೇ ತಿಂಗಳಲ್ಲಿ ಅಷ್ಟೂ ಸಾಲ ತೀರಿತು. ಆ ಏಳು ಜನರಿಗೆ ಇವರು ಪ್ರೀತಿಯಿಂದ 'ಡ್ರೀಮ್ ಟೀಮ್' ಅಂತ ಹೆಸರಿಟ್ಟಿದ್ದರು. ಅಕ್ಟೋಬರಿನಲ್ಲಿ ತಾಣ ಅಧಿಕೃತವಾಗಿ ಶುರುವಾಯಿತು.

ನಮ್ಮಂಥ ಬ್ಲಾಗಿಗರು ಹೆಮ್ಮೆ ಪಡಬೇಕಾದ ಒಂದು ವಿಷಯ ಇಲ್ಲಿದೆ. ಕೀವಾವನ್ನ ಮೊದಲು ಎತ್ತಿ ಹಿಡಿದದ್ದು ಪತ್ರಿಕೆಯೂ ಅಲ್ಲ, ಟೀವಿಯೂ ಅಲ್ಲ. ಆ ನವೆಂಬರಿನಲ್ಲಿ ಡೇಲಿ ಕೋಸ್ ಅನ್ನೋ ರಾಜಕೀಯ ಬ್ಲಾಗಿನಲ್ಲಿ ಬಂದ ಒಂದು ಬರಹ! ಒಂದೇ ಏಟಿಗೆ ಜನ ನುಗ್ಗಿ ಇದ್ದ ಸಾಲಗಳೆಲ್ಲ ಮುಗಿದುಹೋದವು. ಅದಾದ ಮೇಲೇ ಮ್ಯಾಟ್ ಟೈವೊ ಕೆಲಸ ಬಿಡೋ ಧೈರ್ಯ ಮಾಡಿದ್ದು. ಪೇಪಾಲ್ ಕಂಪನಿ ದುಡ್ಡು ಸಾಗಿಸೋದಕ್ಕೆ ಶುಲ್ಕ ಬೇಡ ಅಂದಿತು. ಇದು ಚಿಕ್ಕ ಸಹಾಯ ಅಲ್ಲ ಸ್ವಾಮಿ. 25 ಡಾಲರಿಗೆ ಒಂದು ಡಾಲರು ಕಮಿಷನ್ ಹೋದರೆ ಈ ವ್ಯವಹಾರವೇ ನಡೆಯೋದಿಲ್ಲ. ಆ ಪೇಪಾಲಿನಲ್ಲಿದ್ದ, ಭಾರತ ಮೂಲದ ಪ್ರೇಮಲ್ ಶಾ ಅಷ್ಟರಲ್ಲಾಗಲೇ 2004ರ ಕೊನೆಯಲ್ಲಿ ಕೆಲಸಕ್ಕೆ ರಜೆ ಹಾಕಿ ಭಾರತಕ್ಕೆ ಬಂದು, ಇಂಟರ್ನೆಟ್ಟಿನ ಮೂಲಕ ಕಿರುಸಾಲ ಸಾಧ್ಯವಾ ಅಂತ ಪ್ರಯೋಗ ಮಾಡಿ ಹೋಗಿದ್ದ. ಅವನೂ ಬಂದು ಸೇರಿಕೊಂಡು ಕೀವಾದ ಅಧ್ಯಕ್ಷನಾದ. 2006ರ ಅಕ್ಟೋಬರಿನಲ್ಲಿ ಯೂನುಸ್‌ಗೆ ನೊಬೆಲ್ ಘೋಷಣೆಯಾದ ಕೆಲವೇ ದಿನಕ್ಕೆ ಅಮೆರಿಕದ ಪಬ್ಲಿಕ್ ಟೀವಿಯಲ್ಲಿ ಕೀವಾದ ಉಗಾಂಡಾ ಕಥೆ ಬಂತು. 2007ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸಿನ ಅಂಕಣಕಾರ ನಿಕೊಲಸ್ ಕ್ರಿಸ್ಟಾಫ್ ತಾನು ಸಾಲ ಕೊಟ್ಟ ಕಾಬೂಲಿನ ಬೇಕರಿಯವನನ್ನ ಹುಡುಕಿಕೊಂಡು ಹೋಗಿ ಬಂದು ಬರೆದ. ಮುಂದಿನದ್ದು ಓಪ್ರಾ, ಕ್ಲಿಂಟನ್, ಮತ್ತು ನಮ್ಮ ರೂಮು.

2009ರ ಕೊನೆಯ ಹೊತ್ತಿಗೆ ಆ ತಾಣದ ಮೂಲಕ ಹೋದ ಸಾಲ ಹತ್ತು ಕೋಟಿ ಡಾಲರು ಮುಟ್ಟಿತ್ತು. ಮದುವೆ ಅತಿಥಿಗಳ ಪಟ್ಟಿಯಿಂದ ನಾಲ್ಕೂವರೆ ವರ್ಷದಲ್ಲಿ!

ಈಗ ಕಥೆ ಸ್ವಲ್ಪ ತಿರುಗುತ್ತೆ.

2009ರ ಅಕ್ಟೋಬರಿನಲ್ಲಿ ಡೇವಿಡ್ ರೂಡ್‌ಮನ್ ಅನ್ನೋ ಸಂಶೋಧಕ (ವಾಷಿಂಗ್ಟನ್ನಿನ ಸೆಂಟರ್ ಫಾರ್ ಗ್ಲೋಬಲ್ ಡೆವಲಪ್‌ಮೆಂಟಿನವನು) ತನ್ನ ಬ್ಲಾಗಿನಲ್ಲಿ ಒಂದು ಬರಹ ಹಾಕಿದ. ಮತ್ತೆ ಬ್ಲಾಗೇ ನೋಡಿ! ಏರಿಸಿದ್ದೂ ಬ್ಲಾಗು, ಪ್ರಶ್ನೆ ಕೇಳಿದ್ದೂ ಬ್ಲಾಗು. ಅವನು ಹೇಳಿದ್ದು ತೀರಾ ಸರಳ. ನೀವು ತೆರೆಯ ಮೇಲೆ ಒಬ್ಬಾಕೆಯನ್ನ ನೋಡಿ, ಇವಳಿಗೆ ಸಾಲ ಸಿಗಲಿ ಅಂತ ಗುಂಡಿ ಒತ್ತುವ ಹೊತ್ತಿಗೆ ಅವಳಿಗೆ ಬಹುಪಾಲು ಸಾಲ ಆಗಲೇ ಸಿಕ್ಕಿರುತ್ತೆ. ಅಲ್ಲಿನ ಸ್ಥಳೀಯ ಸಾಲ ಸಂಸ್ಥೆ ಅವಳಿಗೆ ವಾರಗಳ ಹಿಂದೆಯೇ ದುಡ್ಡು ಕೊಟ್ಟಾಗಿದೆ. ಆಮೇಲೆ ಫೋಟೋ ತೆಗೆದು ಕಥೆ ಬರೆದು ತಾಣಕ್ಕೆ ಹಾಕಿದೆ. ನಿಮ್ಮ 25 ಡಾಲರು ಹೋಗೋದು ಆ ಸಂಸ್ಥೆಗೆ, ಅದು ಖಾಲಿ ಮಾಡಿಕೊಂಡ ಗಲ್ಲಾಪೆಟ್ಟಿಗೆ ತುಂಬಿಸಿಕೊಳ್ಳೋದಕ್ಕೆ. ನೀವು ಕೊಡದಿದ್ದರೂ ಅವಳ ಬಟ್ಟೆ ಅಂಗಡಿಗೆ ಬಟ್ಟೆ ಬಂದೇ ಇರುತ್ತಿತ್ತು.

ಇದು ಗುಟ್ಟೇನೂ ಆಗಿರಲಿಲ್ಲ. ತಾಣದ ಒಳಪುಟಗಳಲ್ಲಿ ಹುಡುಕಿದವರಿಗೆ ಸಿಗುವ ಹಾಗೇ ಇತ್ತು. ಆದರೆ ಮುಖಪುಟ ಕೊಡುತ್ತಿದ್ದ ಭಾವನೆ ಬೇರೆ. ನನ್ನ ಕೈಯಿಂದ ಅವಳ ಕೈಗೆ ಅನ್ನೋ ಭಾವನೆ. ರೂಡ್‌ಮನ್ ಕೀವಾವನ್ನ ಮೋಸ ಅಂತ ಬೈದಿರಲಿಲ್ಲ. ನಿಜ ಹೇಳಬೇಕೆಂದರೆ ಅವನ ವಾದ ಉಲ್ಟಾ. ಮೊದಲೇ ಕೊಡೋದೇ ಸರಿಯಾದ ಕ್ರಮ, ಬಡವಳೊಬ್ಬಳು ತನ್ನ ಫೋಟೋ ಯಾರಿಗಾದರೂ ಇಷ್ಟವಾಗಲಿ ಅಂತ ತಿಂಗಳುಗಟ್ಟಲೆ ಕಾಯೋದು ನ್ಯಾಯವಾ ಅಂತ. ತಪ್ಪಿದ್ದದ್ದು ನಮ್ಮ ತಲೆಯೊಳಗಿನ ಚಿತ್ರದಲ್ಲಿ, ಮತ್ತು ಆ ಚಿತ್ರವನ್ನ ಬೆಳೆಯೋಕೆ ಬಿಟ್ಟವರಲ್ಲಿ. ಮ್ಯಾಟ್ ಫ್ಲ್ಯಾನರಿ ಅದನ್ನ ಒಪ್ಪಿ ಉತ್ತರ ಬರೆದ. ತಾಣದ ಮಾತುಗಳನ್ನ ಬದಲಾಯಿಸಿದರು. ಇಂಥಾ ನಿರ್ದಿಷ್ಟ ವ್ಯಕ್ತಿಗೆ ಸಾಲ ಕೊಡಿ ಅನ್ನೋದು ಹೋಗಿ, ಸಾಲದ ಮೂಲಕ ಜನರನ್ನ ಬೆಸೆಯುತ್ತೇವೆ ಅನ್ನೋ ಥರದ್ದು ಬಂತು.

ಬಡ್ಡಿಯ ವಿಷಯ ಇದಕ್ಕಿಂತ ದೊಡ್ಡದು. ನಾನು ಬಡ್ಡಿ ತಗೊಳ್ಳಲಿಲ್ಲ, ಕೀವಾ ಕೂಡ ಆಗ ತಗೊಳ್ತಿರಲಿಲ್ಲ. ಅಂದ ಮಾತ್ರಕ್ಕೆ ಅವಳು ಬಡ್ಡಿ ಕಟ್ಟಲಿಲ್ಲ ಅಂತಲ್ಲ. ನಡುವಿನ ಸಂಸ್ಥೆ ಬಡ್ಡಿ ಹಾಕ್ತಿತ್ತು, ಹಲವು ಕಡೆ ವರ್ಷಕ್ಕೆ ಶೇಕಡ 30 ದಾಟಿ. ಇದನ್ನ ಕೇಳಿ ಎಗರಿ ಬೀಳೋದಕ್ಕೆ ಮುಂಚೆ ಅವರ ಕಡೆಯ ಲೆಕ್ಕವನ್ನೂ ನೋಡಬೇಕು. ಒಂದು ಲಕ್ಷದ ಒಂದು ಸಾಲಕ್ಕೂ ಐದು ಸಾವಿರದ ಒಂದು ಸಾಲಕ್ಕೂ ಕಾಗದ ಪತ್ರದ ಕೆಲಸ ಒಂದೇ. ಐದು ಸಾವಿರದ್ದನ್ನ ವಾರ ವಾರ ವಸೂಲಿ ಮಾಡೋದಕ್ಕೆ ಒಬ್ಬ ಬೈಕಿನಲ್ಲಿ ಹಳ್ಳಿಗೆ ಹೋಗಬೇಕು, ಅವನ ಸಂಬಳ, ಪೆಟ್ರೋಲು ಎಲ್ಲ ಅದರಲ್ಲೇ ಹುಟ್ಟಬೇಕು. ಬಡವರ ಸಾಲ ದುಬಾರಿಯಾಗೋದು ಬಡವರು ಕಟ್ಟೋದಿಲ್ಲ ಅಂತಲ್ಲ. ಅವರ ಮನೆ ಬಾಗಿಲಿಗೆ ಹೋಗಿ ಬರುವ ಕಾಲಿನ ಖರ್ಚಿನಿಂದ.

ಆ ಬೈಕಿನವನನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಕೀವಾದ ಚಿತ್ರದಲ್ಲಿ ಕಾಣದೇ ಇದ್ದವನು ಅವನೇ. ಅವಳು ಯಾರು, ಅವಳ ಗಂಡ ಹೇಗೆ, ಮಾತಿಗೆ ತಪ್ಪುವವಳಾ ಅಂತ ಗೊತ್ತಿದ್ದವನು ಅವನೊಬ್ಬನೇ. ಬಹಳ ಸಲ ಫೋಟೋ ತೆಗೆದವನೂ ಅವನೇ ಇರಬೇಕು. ಆ ನಗು ನೋಡಿ ನಾನು ಕರಗಿದ್ದು. ಆದರೆ ಅವಳು ನಕ್ಕಿದ್ದು ನನ್ನ ನೋಡಿ ಅಲ್ಲವಲ್ಲ, ಮುಂದಿನ ವಾರ ಕಂತಿಗೆ ಬರುವವನನ್ನ ನೋಡಿ.

1905ರಲ್ಲಿ ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದನ್ನ ಕಟ್ಟಿದರಲ್ಲ, ಅಲ್ಲಿ ಈ ನಡುವಿನ ಮನುಷ್ಯನ ಅಗತ್ಯವೇ ಇರಲಿಲ್ಲ. ದುಡ್ಡು ಹಾಕಿದವನೂ ತಗೊಂಡವನೂ ಒಂದೇ ಬಾವಿಯ ನೀರು ಕುಡಿಯೋರು. ಜೋಬ್ರಾದಲ್ಲೂ ಯೂನುಸ್ ನಡೆದುಕೊಂಡೇ ಹೋಗಿದ್ದು. ಟೊರೊರೊದ ಏಳು ಜನಕ್ಕೂ ನಡುವೆ ಇದ್ದವರು ಊರಿನ ಒಬ್ಬ ಪಾದ್ರಿ ಮಾತ್ರ. ತಾಣ ಬೆಳೆದ ಹಾಗೆ ಆ ಜಾಗಕ್ಕೆ ಸಂಸ್ಥೆಗಳು ಬಂದವು, ಅವಕ್ಕೆ ಶಾಖೆಗಳು, ಶಾಖೆಗಳಿಗೆ ಗುರಿಗಳು.

ಇನ್ನು ಚಿಕ್ಕಮ್ಮ.

ನಮ್ಮ ಚಿಕ್ಕಮ್ಮ ಇರೋದು ಶಿಡ್ಲಘಟ್ಟದಲ್ಲಿ. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಊರು, ಓಣಿ ಓಣಿಯಲ್ಲೂ ನೂಲು ಬಿಚ್ಚುವ ಮನೆಗಳು, ಗೂಡು ಬೇಯುವ ವಾಸನೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಒಂದು ಸೀಮೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕ್ತಿದ್ದಳು. ಆ ಹಸು ತಗೊಂಡದ್ದು 2008ರಲ್ಲಿ, 'ಸಂಘದ ದುಡ್ಡಿ'ನಲ್ಲಿ. ಸಂಘ ಅಂದ್ರೆ ಸ್ತ್ರೀಶಕ್ತಿ ಸಂಘ ಅಲ್ಲ. ಊರಿಗೆ ಬಂದಿದ್ದ ಹಲವು ಮೈಕ್ರೋಫೈನಾನ್ಸ್ ಕಂಪನಿಗಳಲ್ಲಿ ಒಂದು. ಹತ್ತು ಸಾವಿರ ಸಾಲ, ವಾರಕ್ಕೆ 225ರಂತೆ 50 ವಾರ. ಕಂಪನಿಯವರು ಹನ್ನೆರಡೂವರೆ ಪರ್ಸೆಂಟು ಬಡ್ಡಿ ಅಂದಿದ್ದರಂತೆ. ಆದರೆ ಕಟ್ಟುತ್ತಾ ಬಂದ ಹಾಗೆ ಅಸಲು ಕಮ್ಮಿಯಾಗುತ್ತಲ್ಲ, ಆ ಲೆಕ್ಕ ಹಿಡಿದರೆ ಶೇಕಡ 25ರ ಹತ್ತಿರ. ಐದು ಜನ ಹೆಂಗಸರ ಗುಂಪು. ಒಬ್ಬರು ಕಟ್ಟದಿದ್ದರೆ ಉಳಿದ ನಾಲ್ವರು ಕಟ್ಟಬೇಕು. ಅಡವು ಇಲ್ಲ, ಅಕ್ಕಪಕ್ಕದವರ ಮುಖವೇ ಅಡವು.

ಅದೇ ವರ್ಷ ನಾನು ಕ್ಯಾಲಿಫೋರ್ನಿಯಾದಲ್ಲಿ ಕೂತು ಉಗಾಂಡಾದಿಂದ ಎರಡು ಡಾಲರು ಚಿಲ್ಲರೆ ಬಂತು ಅಂತ ಮಿಂಚಂಚೆ ನೋಡಿ ಖುಷಿ ಪಡ್ತಿದ್ದೆ. ಚಿಕ್ಕಮ್ಮನ ಸಾಲದ ವಿಷಯ ನನಗೆ ಗೊತ್ತೇ ಇರಲಿಲ್ಲ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

2009ರ ಮೊದಲ ತಿಂಗಳುಗಳಲ್ಲಿ ಕೋಲಾರದಲ್ಲಿ ಒಂದು ಘಟನೆ ನಡೀತು. ಕಿರುಸಾಲದ ಇತಿಹಾಸ ಬರೆಯುವವರು ಅದನ್ನ 'ಕೋಲಾರದ ಬಿಕ್ಕಟ್ಟು' ಅಂತಲೇ ಕರೀತಾರೆ. ಒಂದೇ ಹೆಂಗಸಿಗೆ ಮೂರು ನಾಲ್ಕು ಕಂಪನಿಗಳು ಸಾಲ ಕೊಟ್ಟಿದ್ದವು. ರೇಷ್ಮೆ ಕೆಲಸ ಬಿದ್ದುಹೋಗಿತ್ತು. ಕಂತು ಕಟ್ಟೋಕೆ ಇನ್ನೊಂದು ಸಾಲ, ಅದಕ್ಕೆ ಮತ್ತೊಂದು. ಕೊನೆಗೆ ಅಲ್ಲಿನ ಅಂಜುಮನ್ ಸಮಿತಿ ಮುಸ್ಲಿಂ ಹೆಂಗಸರಿಗೆ ಇನ್ನು ಈ ಕಂಪನಿಗಳಿಗೆ ಕಟ್ಟಬೇಡಿ ಅಂತ ಕರೆ ಕೊಟ್ಟಿತು. ಕಿಚ್ಚು ಹತ್ತಿದ ಹಾಗೆ ಅದು ಶಿಡ್ಲಘಟ್ಟ, ರಾಮನಗರ, ಮೈಸೂರಿನ ತನಕ ಹಬ್ಬಿತು. (ಶಿಡ್ಲಘಟ್ಟ ಆಗಲೇ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿ ಹೋಗಿತ್ತು, ಹೆಸರು ಮಾತ್ರ ಕೋಲಾರಕ್ಕೇ ಅಂಟಿಕೊಂಡಿತು.)

ಚಿಕ್ಕಮ್ಮನ ಗುಂಪಿನ ಐವರಲ್ಲಿ ಇಬ್ಬರು ನೂಲು ಬಿಚ್ಚುವ ಮನೆಯವರು. ಅವರು ಕಟ್ಟೋದು ನಿಲ್ಲಿಸಿದರು. ವಸೂಲಿಗೆ ಬರ್ತಿದ್ದ ಹುಡುಗ, ಮಂಡ್ಯ ಕಡೆಯವನಂತೆ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ ಅಂತಾಳೆ ಚಿಕ್ಕಮ್ಮ. ಅವನು ಜಗಲಿ ಮೇಲೆ ಕೂತುಬಿಡ್ತಿದ್ದ. ಬಯ್ಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಐದು ಜನದ್ದೂ ಆಗುವ ತನಕ ಏಳುತ್ತಿರಲಿಲ್ಲ, ಅಷ್ಟೇ. ಬೀದಿಯವರೆಲ್ಲ ನೋಡೋರು. ಒಂದು ವಾರ, ಎರಡು ವಾರ, ಐದು ವಾರ. ಚಿಕ್ಕಮ್ಮ ಹಸುವಿನ ಕಡಸನ್ನ ಮಾರಿದಳು. ಮುಂದಿನ ಕರು ಹಾಕೋದಕ್ಕೆ ಇನ್ನೊಂದು ವರ್ಷವೂ ಇರದಿದ್ದ ಕಡಸು. ಆ ದುಡ್ಡಿನಲ್ಲಿ ತನ್ನದೂ ಕಟ್ಟಿ ಆ ಇಬ್ಬರ ಪಾಲಿನಲ್ಲಿ ತನಗೆ ಬಂದದ್ದನ್ನೂ ಕಟ್ಟಿದಳು.

ನನಗೆ ಇದೆಲ್ಲ ತಿಳಿದದ್ದು ಆ ವರ್ಷದ ಕೊನೆಗೆ ಊರಿಗೆ ಬಂದಾಗ, ಕೊಟ್ಟಿಗೆ ಯಾಕೆ ಅರ್ಧ ಖಾಲಿ ಅಂತ ಕೇಳಿದಾಗ. ಆ ಇಬ್ಬರು ಹೆಂಗಸರ ಮೇಲೆ ನನಗೇ ಸಿಟ್ಟು ಬಂತು. ಚಿಕ್ಕಮ್ಮನಿಗೆ ಬರಲಿಲ್ಲ. "ಅವ್ರಿಗೇನು ಕಟ್ಟಬಾರ್ದು ಅಂತ ಹಟವೇನಪ್ಪಾ? ಮನೇಲಿ ಒಲೆ ಹಚ್ಚೋಕೆ ಇರ್ಲಿಲ್ಲ. ಜಮಾತ್‌ನವ್ರು ಬೇಡ ಅಂದ್ರು, ಬಿಟ್ರು. ನಂಗ್ಯಾರೂ ಬೇಡ ಅನ್ಲಿಲ್ಲ, ಕಟ್ಟಿದೆ" ಅಂದಳು. ಆ ಹುಡುಗನ ಮೇಲೂ ಸಿಟ್ಟಿಲ್ಲ. ಮಧ್ಯಾಹ್ನ ಆಗಿದ್ದರೆ ಅವನಿಗೆ ಮಜ್ಜಿಗೆ ಕೊಡ್ತಿದ್ದಳಂತೆ!

ಅದಾದ ಮರುವರ್ಷವೇ ಆಂಧ್ರದಲ್ಲಿ ಇನ್ನೂ ದೊಡ್ಡದು ನಡೆಯಿತು. ಆಗಸ್ಟಿನಲ್ಲಿ ಎಸ್‌ಕೆಎಸ್ ಷೇರು ಮಾರುಕಟ್ಟೆಗೆ ಬಂತು, ಆತ್ಮಹತ್ಯೆಗಳ ಸುದ್ದಿಯ ನಡುವೆ ಅಕ್ಟೋಬರಿನಲ್ಲಿ ಸರ್ಕಾರದ ಸುಗ್ರೀವಾಜ್ಞೆ ಬಂತು, ವಸೂಲಿಯೇ ನಿಂತುಹೋಯಿತು. ರಿಸರ್ವ್ ಬ್ಯಾಂಕು ಬಡ್ಡಿಗೆ ಮಿತಿ ಹಾಕಿತು, 2022ರಲ್ಲಿ ಆ ಮಿತಿಯನ್ನ ತೆಗೆಯಿತು. 2025ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರವೂ ಕಿರುಸಾಲ ವಸೂಲಿಯ ಕಿರುಕುಳ ತಡೆಯೋದಕ್ಕೆ ಸುಗ್ರೀವಾಜ್ಞೆ ತರಬೇಕಾಯಿತು. ಜನ ಮನೆಗೆ ಬೀಗ ಹಾಕಿ ಊರು ಬಿಟ್ಟು ಹೋಗುವ ಸುದ್ದಿಗಳು ಆ ಚಳಿಗಾಲದಲ್ಲಿ ದಿನಾ ಬರ್ತಿದ್ದವು, ನೀವೂ ಓದಿರ್ತೀರಿ.

ಚಿಕ್ಕಮ್ಮನ ಫೋಟೋ ಕೀವಾದಲ್ಲಿ ಬರೋದು ಆಗ ಸಾಧ್ಯವೇ ಇರಲಿಲ್ಲ ಅನ್ನೋದು ಆಮೇಲೆ ತಿಳಿಯಿತು. ಹೊರದೇಶದಿಂದ ಸಾಲದ ರೂಪದಲ್ಲಿ ದುಡ್ಡು ಬರೋದಕ್ಕೆ ನಮ್ಮ ರಿಸರ್ವ್ ಬ್ಯಾಂಕಿನ ನಿಯಮಗಳು ಬಿಗಿ, ಹಾಗಾಗಿ ಮೊದಲ ವರ್ಷಗಳಲ್ಲಿ ಆ ತಾಣದಲ್ಲಿ ಭಾರತವೇ ಇರಲಿಲ್ಲ. ಆ ಖಾಲಿ ಜಾಗದಲ್ಲಿ ನಮ್ಮವರೇ ಕೆಲವರು ಕೈ ಹಾಕಿದರು. ರಾಮಕೃಷ್ಣ ಮತ್ತು ಸ್ಮಿತಾ ರಾಮ್ ದಂಪತಿ 2008ರ ಗಣರಾಜ್ಯೋತ್ಸವದ ದಿನ 'ರಂಗ್ ದೇ' ಶುರು ಮಾಡಿದರು. ಬೆಂಗಳೂರಿನಿಂದ ನಡೆಯುವ ತಾಣ, ಭಾರತೀಯರು ಭಾರತೀಯರಿಗೆ ಕೊಡುವ ಸಾಲ. ಇವರು ಹಿಡಿದ ದಾರಿ ಕೀವಾದ್ದಕ್ಕಿಂತ ಬೇರೆ. ಸಾಲ ಕೊಟ್ಟವರಿಗೆ ಒಂದಿಷ್ಟು ಸಣ್ಣ ಬಡ್ಡಿ ಇಟ್ಟರು, ಆದರೆ ತಗೊಳ್ಳುವವರ ಬಡ್ಡಿಯನ್ನ ತಗ್ಗಿಸೋದೇ ಮುಖ್ಯ ಅಂದರು. 2017ರಲ್ಲಿ ರಿಸರ್ವ್ ಬ್ಯಾಂಕು ಇಂಥಾ ತಾಣಗಳಿಗೆ ನಿಯಮ ಮಾಡಿದ ಮೇಲೆ ಪರವಾನಗಿಯನ್ನೂ ತಗೊಂಡರು. 2010ರಲ್ಲಿ ಹುಟ್ಟಿದ 'ಮಿಲಾಪ್' ಕೂಡ ಬೆಂಗಳೂರಿನದ್ದೇ. ಹೊರಗಿನವರು ಇಲ್ಲಿನ ಬಡವರಿಗೆ ಸಾಲ ಕೊಡಲಿ ಅಂತ ಶುರುವಾದದ್ದು, ಆಮೇಲೆ ಚಿಕಿತ್ಸೆಗೆ ದೇಣಿಗೆ ಎತ್ತುವ ತಾಣವಾಗಿ ಬದಲಾಯಿತು. ವಾಟ್ಸಾಪಿನಲ್ಲಿ ಯಾವುದೋ ಮಗುವಿನ ಆಪರೇಷನ್ನಿಗೆ ಅಂತ ಕೊಂಡಿ ಬಂದಾಗ ಅದು ಒಂದು ಕಾಲದ ಸಾಲದ ತಾಣ ಅಂತ ಎಷ್ಟು ಜನಕ್ಕೆ ಗೊತ್ತು?

ನಡುವಿನವನನ್ನ ತೆಗೆದೇಬಿಡೋಣ ಅಂದವರೂ ಇದ್ದರು. 2009ರಲ್ಲಿ ಜೂಲಿಯಾ ಕುರ್ನಿಯಾ ಶುರು ಮಾಡಿದ ಝಿದಿಶಾ ಅಂಥದ್ದು. ಮೊಬೈಲು ಬಂತಲ್ಲ, ಕೀನ್ಯಾದಲ್ಲಿ ಫೋನಿನಲ್ಲೇ ದುಡ್ಡು ಓಡಾಡುತ್ತಲ್ಲ, ಸಂಸ್ಥೆ ಯಾಕೆ, ಬೈಕಿನವನು ಯಾಕೆ? ಬಡ್ಡಿಯ ಭಾರ ಇಳಿಯಿತು, ನಿಜ. ಆದರೆ ವಾಪಸು ಬರೋದೂ ಕಮ್ಮಿಯಾಯಿತು. ಕೀವಾ ಕೂಡ 'ಜಿಪ್' ಅಂತ ಅದೇ ಥರದ ಪ್ರಯೋಗವನ್ನ ಕೀನ್ಯಾದಲ್ಲಿ ಮಾಡಿ ಕೆಲವೇ ವರ್ಷಕ್ಕೆ ನಿಲ್ಲಿಸಿತು. ಜಗಲಿ ಮೇಲೆ ಕೂರುವವನು ಇದ್ದರೆ ಚಿಕ್ಕಮ್ಮನ ಕಡಸು ಹೋಗುತ್ತೆ, ಇಲ್ಲದಿದ್ದರೆ ಕೊಟ್ಟವನ ದುಡ್ಡು ಹೋಗುತ್ತೆ. ಇದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ.

ಬಡತನ ಹೋಯಿತಾ ಅನ್ನೋ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಉತ್ತರ ಹುಡುಕಿದ್ದಾರೆ. ಹೈದರಾಬಾದು ಸೇರಿ ಆರು ದೇಶಗಳಲ್ಲಿ ಮಾಡಿದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಅಚ್ಚಾದವು. ಸಾಲ ಸಿಕ್ಕವರ ವ್ಯಾಪಾರ ಕೆಲವು ಕಡೆ ಸ್ವಲ್ಪ ಬೆಳೆದಿತ್ತು, ಬದುಕು ಬದಲಾಗುವಷ್ಟು ಆದಾಯ ಎಲ್ಲೂ ಏರಿರಲಿಲ್ಲ. ಹಾಳೂ ಆಗಿರಲಿಲ್ಲ. ಸಾಲ ಅಂದ್ರೆ ಸಾಲ, ಮಂತ್ರದಂಡ ಅಲ್ಲ. ಕೀವಾ ಇವತ್ತಿಗೂ ಇದೆ, ಒಟ್ಟು ಸಾಲ ಇನ್ನೂರು ಕೋಟಿ ಡಾಲರು ದಾಟಿದೆ. ಮ್ಯಾಟ್, ಜೆಸಿಕಾ ಇಬ್ಬರೂ ಬಿಟ್ಟು ಎಷ್ಟೋ ಕಾಲವಾಯಿತು. ಆಮೇಲೆ ಅದು ಸಹಭಾಗಿ ಸಂಸ್ಥೆಗಳಿಂದ ಶುಲ್ಕ ತಗೊಳ್ಳೋಕೆ ಶುರು ಮಾಡಿದ್ದಕ್ಕೆ, ಮೇಲಿನವರ ಸಂಬಳಕ್ಕೆ ಸಿಟ್ಟಾಗಿ 2021ರ ಹೊತ್ತಿಗೆ ಸಾಲ ಕೊಡುವವರೇ ಮುಷ್ಕರ ಹೂಡಿದರು. ಸಾಹುಕಾರರ ಮುಷ್ಕರ, ಕೇಳಿದ್ದೀರಾ ಎಲ್ಲಾದರೂ?

ನನ್ನ 25 ಡಾಲರು ಪೂರ್ತಿ ವಾಪಸು ಬಂದಿತ್ತು. ಮತ್ತೊಬ್ಬರಿಗೆ ಕೊಟ್ಟೆನಾ, ತೆಗೆದುಕೊಂಡೆನಾ ನೆನಪಿಲ್ಲ. ಅದು ಅವಳೇ ಕಟ್ಟಿದ್ದಾ ಅನ್ನೋದೂ ಖಾತ್ರಿ ಇಲ್ಲ, ಏಕೆಂದರೆ ಕೆಲವು ಸಂಸ್ಥೆಗಳು ತಮ್ಮ ಹೆಸರು ಕೆಡದಿರಲಿ ಅಂತ ಕಟ್ಟದವರ ಪಾಲನ್ನ ತಾವೇ ತುಂಬುತ್ತಿದ್ದವು.

ಇದನ್ನ ಬರೆಯೋಕೆ ಕೂರುವ ಮುಂಚೆ ನಿನ್ನೆ ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಉಗಾಂಡಾದ ಕಥೆ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಮನೆಯವರಿಗೆ ಕೊಡೋದು ಬಿಟ್ಟು ಯಾರಿಗೋ ಕೊಟ್ಟೆಯಾ ಅಂತ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಬಟ್ಟೆ ವ್ಯಾಪಾರವಾ? ವಾರಕ್ಕೆಷ್ಟು ಕಟ್ತಿದ್ಳಂತೆ?"

"ಗೊತ್ತಿಲ್ಲ ಚಿಕ್ಕಮ್ಮ."

"ಗುಂಪಲ್ಲಿ ಎಷ್ಟು ಜನ ಇದ್ರು?"

ಅದೂ ನನಗೆ ಗೊತ್ತಿರಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಟೀವಿ ಧಾರಾವಾಹಿಯ ಸದ್ದು ಮಾತ್ರ.

"ಪಾಪ, ಯಾರಾದ್ರೂ ಕಟ್ದೇ ಹೋಗಿದ್ರೆ ಏನು ಮಾರಿದ್ಳೋ" ಅಂದಳು ಚಿಕ್ಕಮ್ಮ. ಆಮೇಲೆ ಯುಗಾದಿಗೆ ಬರ್ತೀಯೇನಪ್ಪಾ ಅಂತ ಕೇಳಿದಳು.